ವಾಸನಿ ಬಂದ್ರ ಹೇಳ್ತೀನಿ

ದೀಪಾವಳಿ ಮುಗಿಯುವ ಹೊತ್ತಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರಸ್ತೆಗಳಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳದೇ ಸಾಲು. ಸಂಜೆ ಗಾಳಿ ತಿರುಗಿದರೆ ಕಾಕಂಬಿಯ ಹುಳಿ ವಾಸನೆ ಊರೊಳಗೆ ಬರುತ್ತದೆ. ಕಾರ್ಖಾನೆಯ ಕೊಳಚೆ ನೀರು ನಿಂತ ಹೊಂಡ ಹತ್ತಿರವಿದ್ದರೆ ಕೊಳೆತ ತತ್ತಿಯಂಥ ನಾತವೂ ಸೇರಿಕೊಳ್ಳುತ್ತದೆ. ಆ ನಾತಕ್ಕೆ ಕಾರಣ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಅದು ಬೆರಳೆಣಿಕೆಯ ಪಾಲಿದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಗಂಧಕವನ್ನು ಜೀರ್ಣಿಸಿಕೊಂಡಾಗ ಹುಟ್ಟುವ ಈ ಅನಿಲ ನಮ್ಮ ನಿಮ್ಮೆಲ್ಲರ ದೊಡ್ಡ ಕರುಳಿನಲ್ಲೂ ಹಗಲಿರುಳು ಹುಟ್ಟುತ್ತಿರುತ್ತದೆ. ಮೈಯೊಳಗೆ ಮುಚ್ಚಿಕೊಂಡಿರುವುದರಿಂದ ಅದರ ಸುದ್ದಿ ಯಾರಿಗೂ ತಿಳಿಯುವುದಿಲ್ಲ.

ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆಸಿಕೊಂಡವರಿಗೆ ಮಾತ್ರ ಈ ಗುಟ್ಟಿನ ಸವಲತ್ತು ಇಲ್ಲ. ಗೋಕಾಕದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ಪಕ್ಕದವರು ಹೊಗೆಗೋ ಧೂಳಿಗೋ ಮೂಗಿಗೆ ಸೆರಗು ಹಿಡಿದರೂ ಅದು ತನ್ನಿಂದಲೇ ಎಂದು ಅವರ ಜೀವ ಹಿಡಿಯಷ್ಟಾಗುತ್ತದೆ. ಮುಂದಿನ ಸಲ ಅವರು ಬಸ್ಸು ಹತ್ತುವುದಿಲ್ಲ. ಆಮೇಲೆ ಸಂತೆ ತಪ್ಪುತ್ತದೆ, ಮದುವೆ ತಪ್ಪುತ್ತದೆ, ಓಣಿಯ ಕಟ್ಟೆ ತಪ್ಪುತ್ತದೆ. ಆಪರೇಷನ್ನು ಉಳಿಸಿಕೊಟ್ಟ ಬದುಕು ಹಿತ್ತಲ ಕೋಣೆಗೆ ಬಂದು ನಿಲ್ಲುತ್ತದೆ.

ಊರಲ್ಲಿ ಇದರ ಮಾತು ಬಂದರೆ ದನಿ ತಗ್ಗುತ್ತದೆ. ‘ಅವರಿಗೆ ಹೊಟ್ಟಿ ಮ್ಯಾಲ ಬ್ಯಾಗ್ ಹಾಕ್ಯಾರಂತ.’ ಅಷ್ಟೇ. ವೈದ್ಯರು ಇದನ್ನು ಕೊಲಾಸ್ಟಮಿ ಎನ್ನುತ್ತಾರೆ. ಗುದನಾಳದ ಕ್ಯಾನ್ಸರಿನಲ್ಲಿ, ಕರುಳು ತೂತಾದಾಗ ಅಥವಾ ತಿರುಚಿಕೊಂಡಾಗ, ಅಪಘಾತದ ಪೆಟ್ಟಿನಲ್ಲಿ ಮಲ ಹೋಗುವ ಸಹಜ ದಾರಿ ಮುಚ್ಚಬೇಕಾಗಬಹುದು. ಆಗ ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಗೆ ತಂದು ಹೊಲಿಯುತ್ತಾರೆ. ಆ ಬಾಯಿಗೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಎಂದರೂ ಬಾಯಿ ಎಂದೇ ಅರ್ಥ. ತುಟಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿ ಕಾಣುತ್ತದೆ. ಮುಟ್ಟಿದರೆ ನೋಯುವುದಿಲ್ಲ, ಏಕೆಂದರೆ ಅದಕ್ಕೆ ಆ ಬಗೆಯ ನೋವಿನ ನರಗಳಿಲ್ಲ. ಬಿಗಿ ಹಿಡಿಯುವ ಸ್ನಾಯುವೂ ಇಲ್ಲ. ಹಾಗಾಗಿ ಮಲ, ಗಾಳಿ ಎರಡೂ ನಮ್ಮ ಅಪ್ಪಣೆಗೆ ಕಾಯದೆ ಬರುತ್ತವೆ. ಅವನ್ನು ಹಿಡಿಯಲು ಚರ್ಮಕ್ಕೆ ಅಂಟುವ ಪ್ಲೇಟು, ಅದಕ್ಕೊಂದು ಚೀಲ. ಕೆಲವರಿಗೆ ಇದು ಕೆಲವು ತಿಂಗಳ ಮಟ್ಟಿಗೆ, ಕೆಲವರಿಗೆ ಜೀವಮಾನವಿಡೀ.

ಇಂದಿನ ಅಂಟು ಚೀಲ ಹುಟ್ಟಿದ್ದೇ ಮನೆ ಬಿಟ್ಟು ಹೊರಬರಲಾರದ ಒಬ್ಬ ಹೆಣ್ಣುಮಗಳ ಸಲುವಾಗಿ. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸೆ ಸೊರೆನ್‌ಸೆನ್ ಅವರ ತಂಗಿ ಥೋರಾಗೆ ಈ ಆಪರೇಷನ್ ಆಗಿತ್ತು. ಎಲ್ಲಿ ಸೋರೀತೋ ಎಂಬ ಅಂಜಿಕೆಯಲ್ಲಿ ಥೋರಾ ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದರು. ಮೈಗೆ ತಾನೇ ಅಂಟಿಕೊಳ್ಳುವ, ಬಳಸಿ ಬಿಸಾಡುವ ಚೀಲವನ್ನು ಎಲಿಸೆ ಯೋಚಿಸಿದರು. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿಸ್ ಹಾನ್ಸೆನ್ ಅದನ್ನು ಮಾಡಿಕೊಟ್ಟರು. ಕೊಲೊಪ್ಲಾಸ್ಟ್ ಕಂಪನಿ ಹುಟ್ಟಿದ್ದು ಅಲ್ಲಿಂದ, 1957ರಲ್ಲಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಸರ್ಜನ್ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ನಾರ್ಮಾ ಗಿಲ್ ಎಂಬ ತಮ್ಮ ರೋಗಿಯನ್ನೇ ಕರೆದು, ಇತರ ರೋಗಿಗಳಿಗೆ ಚೀಲದೊಂದಿಗೆ ಬದುಕುವುದನ್ನು ಕಲಿಸುವ ಕೆಲಸ ಕೊಟ್ಟರು. ಸ್ಟೋಮಾ ನರ್ಸ್ ಎಂಬ ವೃತ್ತಿ ಬೆಳೆದದ್ದು ಹಾಗೆ. ಅನುಭವಿಸಿದವರು ಹೇಳಿಕೊಟ್ಟಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿಕೊಡಲಾರರು ಎಂಬುದು ಟರ್ನ್‌ಬುಲ್‌ಗೆ ಅಂದೇ ತಿಳಿದಿತ್ತು.

ಇನ್ನು ವಾಸನೆಯ ಮಾತಿಗೆ ಬರೋಣ. ಕರುಳಿನ ಗಾಳಿಯಲ್ಲಿ ಬಹುಪಾಲು ಸಾರಜನಕ, ಜಲಜನಕ, ಇಂಗಾಲದ ಡೈ ಆಕ್ಸೈಡ್, ಮೀಥೇನ್. ಇವುಗಳಿಗೆ ವಾಸನೆಯೇ ಇಲ್ಲ. ನಾತವೆಲ್ಲ ಶೇಕಡಾ ಒಂದಕ್ಕಿಂತ ಕಡಿಮೆಯಿರುವ ಗಂಧಕದ ಅನಿಲಗಳದ್ದು. 1998ರಲ್ಲಿ ಅಮೆರಿಕದ ಮೈಕೆಲ್ ಲೆವಿಟ್ ಮತ್ತು ಸಂಗಡಿಗರು ಆರೋಗ್ಯವಂತರಾದ 16 ಜನರ ಹೊಟ್ಟೆಗಾಳಿಯನ್ನು ಪರೀಕ್ಷಿಸಿ, ಮುಖ್ಯ ಅಪರಾಧಿ ಹೈಡ್ರೋಜನ್ ಸಲ್ಫೈಡ್ ಎಂದು ತೋರಿಸಿದರು. ಹದಗೊಳಿಸಿದ ಇದ್ದಿಲು ಗಂಧಕದ ಆ ಅನಿಲಗಳ ಬಹುಭಾಗವನ್ನು ಹೀರಿಕೊಳ್ಳುತ್ತದೆ ಎಂಬುದೂ ಅಲ್ಲಿ ಕಂಡಿತು. ಇಂದಿನ ಎಷ್ಟೋ ಚೀಲಗಳ ಮೇಲ್ತುದಿಯಲ್ಲಿರುವ ಚಿಕ್ಕ ಬಿಲ್ಲೆಯೊಳಗೆ ಅದೇ ಇದ್ದಿಲಿರುತ್ತದೆ. ಗಾಳಿ ಅದರ ಮೂಲಕ ಹೊರಗೆ ಹೋಗುತ್ತದೆ, ನಾತ ಒಳಗೇ ಉಳಿಯುತ್ತದೆ. ಆದರೆ ಬಿಲ್ಲೆ ಒದ್ದೆಯಾದರೆ ಕೆಟ್ಟಿತು. ಸ್ನಾನಕ್ಕೆ ಮೊದಲು ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಕು. ಚೀಲದ ಜತೆಯಲ್ಲೇ ಬರುವ ಆ ಪುಟ್ಟ ಸ್ಟಿಕ್ಕರುಗಳು ಏತಕ್ಕೆಂದು ತಿಳಿಯದೆ ಎಸೆಯುವವರೇ ಹೆಚ್ಚು.

ಚೀಲದ ಪ್ಲಾಸ್ಟಿಕ್ ವಾಸನೆಯನ್ನು ತಡೆಯುವಂಥದ್ದು. ಸರಿಯಾಗಿ ಕೂತ ಚೀಲದಿಂದ ವಾಸನೆ ಬರುವುದು ಖಾಲಿ ಮಾಡುವಾಗ ಮಾತ್ರ, ಆ ಹೊತ್ತಿನಲ್ಲಿ ಯಾರ ಸಂಡಾಸಿನಲ್ಲಾದರೂ ಬರುವಷ್ಟೇ. ಉಳಿದ ಹೊತ್ತಿನಲ್ಲಿ ಬಂದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಇಷ್ಟನ್ನು ಡಿಸ್ಚಾರ್ಜ್ ದಿನವೇ ರೋಗಿಗೂ ಮನೆಯವರಿಗೂ ಒತ್ತಿ ಹೇಳಿದರೆ ಅರ್ಧ ಸಂಕಟ ಕಳೆಯುತ್ತದೆ ಎಂದು ನನ್ನ ಗಟ್ಟಿ ನಂಬಿಕೆ. ವಾಸನೆ ಆ ಮನುಷ್ಯನದಲ್ಲ, ಸೋರಿಕೆಯದು. ಸೋರಿಕೆಗೆ ಕಾರಣವಿರುತ್ತದೆ, ಕಾರಣಕ್ಕೆ ಉಪಾಯವಿರುತ್ತದೆ.

ಕಾರಣಗಳಲ್ಲಿ ಮೊದಲನೆಯದು ಅಳತೆ. ಆಪರೇಷನ್ ಆದ ಮೇಲೆ ಆರೆಂಟು ವಾರದಲ್ಲಿ ಸ್ಟೋಮಾದ ಬಾವು ಇಳಿದು ಅದು ಚಿಕ್ಕದಾಗುತ್ತದೆ. ಪ್ಲೇಟಿನ ತೂತು ಮಾತ್ರ ಆಸ್ಪತ್ರೆಯಲ್ಲಿ ಕತ್ತರಿಸಿಕೊಟ್ಟ ಮೊದಲ ಅಳತೆಯಲ್ಲೇ ಉಳಿದಿರುತ್ತದೆ. ತೂತು ಸ್ಟೋಮಾಕ್ಕಿಂತ ಎರಡು-ಮೂರು ಮಿಲಿಮೀಟರ್ ಅಷ್ಟೇ ಅಗಲವಿರಬೇಕು. ಹೆಚ್ಚಾದರೆ ನಡುವಿನ ಚರ್ಮಕ್ಕೆ ಮಲ ತಾಗಿ ಉರಿಯುತ್ತದೆ, ನೀರೊಸರುತ್ತದೆ, ಒದ್ದೆ ಚರ್ಮಕ್ಕೆ ಅಂಟು ನಿಲ್ಲುವುದಿಲ್ಲ, ಮತ್ತೆ ಸೋರುತ್ತದೆ. ಉರಿಗೆಂದು ಮನೆಯವರು ಪ್ರೀತಿಯಿಂದ ಕೊಬ್ಬರಿ ಎಣ್ಣೆಯನ್ನೋ ತುಪ್ಪವನ್ನೋ ಸವರುತ್ತಾರೆ. ಅದರ ಮೇಲೆ ಪ್ಲೇಟು ಕೂರುವುದೇ ಇಲ್ಲ. ಆ ಜಾಗಕ್ಕೆ ಬೇಕಾದದ್ದು ಉಗುರು ಬೆಚ್ಚಗಿನ ನೀರು, ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಒಣಗಿಸುವುದು, ಚರ್ಮ ಹಸಿಯಾಗಿದ್ದರೆ ಚಿಟಿಕೆ ಸ್ಟೋಮಾ ಪೌಡರು ಉದುರಿಸಿ ಹೆಚ್ಚಾದದ್ದನ್ನು ಝಾಡಿಸುವುದು. ಪ್ಲೇಟು ಹಚ್ಚಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಅದರ ಮೇಲೆ ಒತ್ತಿ ಹಿಡಿದರೆ ಮೈಯ ಕಾವಿಗೆ ಅಂಟು ಹಿಡಿಯುತ್ತದೆ.

ಎರಡನೆಯದು ನಾವು ಕೂರುವ ರೀತಿ. ಮಂಚದ ಮೇಲೆ ಮಲಗಿದಾಗ ಸಪಾಟಾಗಿ ಕಾಣುವ ಹೊಟ್ಟೆ, ಚಕ್ಕಳಮಕ್ಕಳ ಹಾಕಿ ಕೂತಾಗ ಮಡಿಕೆ ಬೀಳುತ್ತದೆ. ಧೋತರದ ಗಂಟು, ಲಂಗದ ಲಾಡಿ, ಸೀರೆಯ ನೆರಿಗೆ ಎಲ್ಲವೂ ಅಲ್ಲೇ ಬಂದು ಕೂರುತ್ತವೆ. ಅದಕ್ಕೇ ಮುಂಚಿತವಾಗಿ ಗೊತ್ತಾದ ಆಪರೇಷನ್ ಆದರೆ ಹಿಂದಿನ ದಿನ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಅವರು ಉಡುವ ಬಟ್ಟೆಯನ್ನೇ ಉಡಿಸಿ ಸ್ಟೋಮಾದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಆ ಗುರುತಿನ ಹೊತ್ತಿನಲ್ಲಿ ನಾಚಿಕೊಂಡು ಸುಮ್ಮನಿರಬೇಡಿ. ‘ನಾ ಹೊಲದಾಗ ಕುಕ್ಕರಗಾಲಲೇ ಕೂತು ಕಳೆ ತಗೀತೀನ್ರಿ’ ಎಂದು ಹೇಳಿಬಿಡಿ. ಒಂದು ಸೆಂಟಿಮೀಟರ್ ಆಚೀಚೆ ಆದರೂ ಮುಂದಿನ ಹತ್ತು ವರ್ಷದ ಸೋರಿಕೆ ತಪ್ಪಬಹುದು. ಗುರುತು ಹಾಕುವ ಮಾತೇ ಬರದಿದ್ದರೆ ನೀವಾಗಿ ಕೇಳಿ. ಕೇಳುವ ಹಕ್ಕು ನಿಮ್ಮದು.

ಮೂರನೆಯದು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿಗೆ ಅಂಟು ಬೇಗ ಸಡಿಲುತ್ತದೆ. ಚಳಿಗಾಲದಲ್ಲಿ ನಾಲ್ಕೈದು ದಿನ ಬರುವ ಪ್ಲೇಟು ಬೇಸಿಗೆಯಲ್ಲಿ ಎರಡು-ಮೂರು ದಿನಕ್ಕೇ ಬದಲಾಗಬಹುದು. ಉಳಿಸಬೇಕೆಂದು ಇನ್ನೊಂದು ದಿನ ಎಳೆಯುವುದರಲ್ಲಿ ಸೋರಿಕೆ ಕಾದಿರುತ್ತದೆ. ತಗಡಿನ ಮನೆಯ ಕಾವಿನಲ್ಲಿ ಚೀಲದ ಡಬ್ಬಿ ಇಟ್ಟರೆ ಬಳಸುವ ಮೊದಲೇ ಅಂಟು ಕೆಡುತ್ತದೆ. ತಂಪಾದ ಮೂಲೆ ಹುಡುಕಬೇಕು.

ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ತುಂಬಿ ಜೋತುಬಿದ್ದ ಚೀಲ ತನ್ನ ಭಾರಕ್ಕೇ ಪ್ಲೇಟನ್ನು ಕೀಳುತ್ತದೆ. ಖಾಲಿ ಮಾಡಿದ ಮೇಲೆ ಚೀಲದ ಬಾಯಿಯ ಒಳಹೊರಗನ್ನು ಕಾಗದದಿಂದಲೋ ಒದ್ದೆ ಬಟ್ಟೆಯಿಂದಲೋ ಒರೆಸಿಯೇ ಮಡಚಬೇಕು. ಅಲ್ಲಿ ಉಳಿದ ಒಂದು ತೊಟ್ಟು ಸಾಕು, ದಿನವಿಡೀ ನಾತ ಹೊಡೆಯಲು. ಮಲ ಗಟ್ಟಿಯಾಗಿ ಸ್ಟೋಮಾದ ಸುತ್ತಲೇ ಮೆತ್ತಿಕೊಳ್ಳುತ್ತಿದ್ದರೆ ಹೊಸ ಚೀಲದ ಒಳಗೋಡೆಗೆ ನಾಲ್ಕು ಹನಿ ಅಡುಗೆ ಎಣ್ಣೆ ಸವರಬಹುದು. ಎಣ್ಣೆ ಚೀಲದೊಳಗೆ ಮಾತ್ರ, ಚರ್ಮಕ್ಕೆ ಅಲ್ಲ. ಗಾಳಿ ತುಂಬಿ ಚೀಲ ಬಲೂನಿನಂತೆ ಉಬ್ಬಿದರೆ ಸೂಜಿಯಿಂದ ಚುಚ್ಚುವವರಿದ್ದಾರೆ. ಹಾಗೆ ಚುಚ್ಚಿದ ಚೀಲ ವಾಸನೆಯನ್ನು ತಡೆಯುವುದು ಅಲ್ಲಿಗೆ ಮುಗಿಯಿತು. ಸಂಡಾಸಿಗೆ ಹೋಗಿ ಕೆಳಬಾಯಿ ಬಿಚ್ಚಿ ಗಾಳಿ ಬಿಡುವುದೇ ಸರಿ. ಚೀಲದೊಳಗೆ ಆಸ್ಪಿರಿನ್ ಗುಳಿಗೆ ಹಾಕಿದರೆ ವಾಸನೆ ಹೋಗುತ್ತದೆಂಬ ಮಾತೂ ಓಡಾಡುತ್ತದೆ. ಅದು ಸ್ಟೋಮಾವನ್ನು ಸುಟ್ಟು ರಕ್ತ ಬರಿಸುತ್ತದೆ. ಒಳಗೆ ಹಾಕಲೆಂದೇ ತಯಾರಾದ ವಾಸನೆ ಕಳೆಯುವ ಹನಿಗಳು ಚೀಲ ಮಾರುವ ಅಂಗಡಿಯಲ್ಲಿ ಸಿಗುತ್ತವೆ. ಮೈಗೆ ಅತ್ತರು ಪೂಸಿಕೊಂಡರೆ ಎರಡು ವಾಸನೆ ಕೂಡಿ ಮೂರನೆಯದಾಗುತ್ತದೆ, ಅಷ್ಟೆ.

ಊಟದ ವಿಚಾರದಲ್ಲಿ ಹೆದರಿಸುವವರು ಬಹಳ. ಆಸ್ಪತ್ರೆಯಿಂದ ಬಂದವರಿಗೆ ತಿಂಗಳುಗಟ್ಟಲೆ ಬರೀ ಗಂಜಿ ಹಾಕುವ ಮನೆಗಳುಂಟು. ಅಷ್ಟು ಬೇಕಿಲ್ಲ. ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಆರೆಂಟು ವಾರಕ್ಕೆ, ಕೊಲಾಸ್ಟಮಿ ಇದ್ದವರು ಬಹುತೇಕ ಎಲ್ಲವನ್ನೂ ಉಣ್ಣಬಹುದು. ಜೋಳದ ರೊಟ್ಟಿ ನಿಧಾನ ಅಗಿದು ತಿಂದರೆ ತೊಂದರೆಯಿಲ್ಲ. ನಾತ ಹೆಚ್ಚಿಸುವುದು ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೂಲಂಗಿ, ಕೋಬಿ, ತತ್ತಿ, ಮೀನು. ಗಾಳಿ ಹೆಚ್ಚಿಸುವುದು ಕಾಳಿನ ಪಲ್ಲೆ, ಝುಣಕ, ಸೋಡಾ. ರೊಟ್ಟಿಯ ಜತೆ ಹಸಿ ಉಳ್ಳಾಗಡ್ಡಿ ಕಚ್ಚದಿದ್ದರೆ ಉಂಡಂತೆಯೇ ಆಗದ ನಮ್ಮವರಿಗೆ ಇದು ಕಷ್ಟ. ಒಮ್ಮೆಲೇ ಎಲ್ಲ ಬಿಡುವ ಬದಲು ಒಂದೊಂದನ್ನೇ ಎರಡು ದಿನ ತಿಂದು ನೋಡಿ, ತಮ್ಮ ಹೊಟ್ಟೆಗೆ ಯಾವುದು ಒಗ್ಗದು ಎಂದು ಬರೆದಿಟ್ಟುಕೊಳ್ಳುವುದು ಮೇಲು. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ಮೊಸರು, ಮಜ್ಜಿಗೆ ಅನೇಕರಿಗೆ ನಾತ ಇಳಿಸುತ್ತವೆ. ಊಟ ಬಿಟ್ಟು ಹೊಟ್ಟೆ ಖಾಲಿ ಇಟ್ಟರೆ ಗಾಳಿ ಇನ್ನೂ ಹೆಚ್ಚುತ್ತದೆ, ಇದು ತಿಳಿದವರು ಕಡಿಮೆ. ಎಲೆ-ಅಡಿಕೆ ಜಗಿಯುತ್ತ ನುಂಗುವ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಕರದಂಟು ಒಂದು ತುಂಡು ತಿನ್ನಬಹುದೇ? ಕೊಲಾಸ್ಟಮಿಯವರು ಚೆನ್ನಾಗಿ ಅಗಿದು ತಿನ್ನಬಹುದು. ಸಣ್ಣ ಕರುಳನ್ನು ಹೊರತಂದ ಇಲಿಯಾಸ್ಟಮಿಯವರು ಮಾತ್ರ ಕೊಬ್ಬರಿ, ಗೋಡಂಬಿಯಂಥವು ಸಿಕ್ಕಿಕೊಳ್ಳದಂತೆ ಎಚ್ಚರ ವಹಿಸಬೇಕು. ಸಕ್ಕರೆ ಕಾಯಿಲೆ ಇದ್ದವರ ಲೆಕ್ಕ ಬೇರೆ. ಕಬ್ಬಿಣದ ಗುಳಿಗೆ, ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಬಣ್ಣ-ವಾಸನೆ ಬದಲಾದರೆ ಗಾಬರಿ ಬೇಡ.

ಇಷ್ಟೆಲ್ಲ ಮಾಡಿದರೂ ಮನಸ್ಸಿನ ವಾಸನೆ ಹೋಗುವುದಿಲ್ಲ. ಮೂಗಿನ ಸ್ವಭಾವವೇ ವಿಚಿತ್ರ. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಅದನ್ನು ಹಿಡಿಯುವುದನ್ನೇ ನಿಲ್ಲಿಸುತ್ತದೆ. ಅಂಜಿದ ಮನಸ್ಸು ಇಲ್ಲದ ವಾಸನೆಯನ್ನೂ ಹಿಡಿಯುತ್ತದೆ. ಎರಡೂ ಕಡೆಯಿಂದ ನಮ್ಮ ಮೂಗಿನ ಸಾಕ್ಷಿ ನಂಬುವಂಥದ್ದಲ್ಲ. ಅದಕ್ಕೆ ಬೇರೊಬ್ಬರ ಮೂಗು ಬೇಕು, ಮುಲಾಜಿಲ್ಲದೆ ನಿಜ ಹೇಳುವವರದು. ಹೆಂಡತಿ ಇರಬಹುದು, ಮಗ ಇರಬಹುದು, ಗೆಳೆಯ ಇರಬಹುದು. ಹೊರಗೆ ಹೊರಡುವ ಮೊದಲು ‘ವಾಸನಿ ಬರಾಕತ್ತೈತೇನು?’ ಎಂದು ಒಮ್ಮೆ ಕೇಳುವುದು. ‘ಇಲ್ರಿ. ಬಂದ್ರ ನಾನ ಹೇಳ್ತೀನಿ’ ಎಂಬ ಉತ್ತರ ಸಿಕ್ಕರೆ ದಿನಕ್ಕೆ ಹತ್ತು ಸಲ ಅಂಗಿ ಮೂಸಿ ನೋಡುವ ಕಷ್ಟ ತಪ್ಪುತ್ತದೆ. ‘ಛೇ, ಏನೂ ಇಲ್ಲ ಬಿಡ್ರಿ’ ಎಂಬ ಸಮಾಧಾನ ಸಾಲದು, ಅದನ್ನು ರೋಗಿ ನಂಬುವುದಿಲ್ಲ. ಬಂದಾಗ ಹೇಳುತ್ತಾರೆ ಎಂಬ ಭರವಸೆ ಇದ್ದರೆ ಮಾತ್ರ, ಇಲ್ಲ ಎಂದದ್ದಕ್ಕೆ ಬೆಲೆ.

ಮನೆಯವರೇ ಬೇರೆ ತಟ್ಟೆ, ಬೇರೆ ಹಾಸಿಗೆ ಮಾಡಿದರೆ ಯಾವ ಇದ್ದಿಲೂ ಕೆಲಸ ಮಾಡದು. ಕೊಲಾಸ್ಟಮಿ ಅಂಟುರೋಗವಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಅಡುಗೆ ಮಾಡಬಹುದು. ದೇವರ ಮನೆಯ ಹೊಸ್ತಿಲಲ್ಲಿ ತಡೆದು ನಿಲ್ಲುವವರನ್ನು ಕಂಡು ಕರುಳು ಚುರ್ ಎನ್ನುತ್ತದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಪಂಚಸೂತಕಗಳನ್ನು ಲಿಂಗ ಕಟ್ಟಿದವರಿಗೆ ಇಲ್ಲವೆಂದು ಶರಣರು ತೊಡೆದುಹಾಕಿದ ನೆಲ ಇದು. ಅದೇ ನೆಲದಲ್ಲಿ ಹೊಟ್ಟೆಯ ಮೇಲಿನ ಚೀಲಕ್ಕೆ ಆರನೆಯ ಸೂತಕವೊಂದನ್ನು ನಾವಾಗಿ ಹುಟ್ಟಿಸಬಾರದು. ಅಂಗೈಯಲ್ಲಿ ಲಿಂಗ ಹಿಡಿಯಲು ಚೀಲ ಅಡ್ಡಿಯಲ್ಲ. ಹುಕ್ಕೇರಿ, ಗೋಕಾಕದ ಮುಸ್ಲಿಂ ಮನೆಗಳಲ್ಲಿ ನಮಾಜಿನ ಪ್ರಶ್ನೆ ಬರುತ್ತದೆ. ವಿಸರ್ಜನೆ ಹಿಡಿತದಲ್ಲಿ ಇಲ್ಲದವರನ್ನು ಧರ್ಮಶಾಸ್ತ್ರ ವಿನಾಯಿತಿ ಪಡೆದವರೆಂದೇ ಎಣಿಸುತ್ತದೆ. ಪ್ರತಿ ನಮಾಜಿನ ವೇಳೆಗೆ ಹೊಸದಾಗಿ ವುಜೂ ಮಾಡಿ ಪ್ರಾರ್ಥಿಸುವ ದಾರಿಯನ್ನು ಮೌಲಾನಾ ಅವರೇ ತಿಳಿಸಿಕೊಡುತ್ತಾರೆ.

ಗಂಡ-ಹೆಂಡಿರ ನಡುವಿನ ಮಾತನ್ನು ಯಾರೂ ಎತ್ತುವುದಿಲ್ಲ. ಡಾಕ್ಟರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಚೀಲ ಖಾಲಿ ಮಾಡಿ, ಮಡಚಿ, ಮೇಲೊಂದು ಹತ್ತಿ ಬಟ್ಟೆಯ ಕವಚ ಹಾಕಿಕೊಂಡರೆ ಸ್ಟೋಮಾಕ್ಕೆ ಪೆಟ್ಟಾಗುವುದಿಲ್ಲ. ಗುದನಾಳದ ಆಪರೇಷನ್ನಿನಲ್ಲಿ ಅಲ್ಲಿನ ನರಗಳಿಗೆ ಘಾಸಿಯಾಗಿ ಗಂಡಸರಿಗೆ ಶಕ್ತಿ ಕುಂದಬಹುದು, ಹೆಂಗಸರಿಗೆ ನೋವಾಗಬಹುದು. ಇದಕ್ಕೆ ಚಿಕಿತ್ಸೆಯಿದೆ, ಕೇಳಬೇಕು. ಕೊಲಾಸ್ಟಮಿ ಇದ್ದೂ ಹೆತ್ತ ತಾಯಂದಿರು ಜಗತ್ತಿನಲ್ಲಿ ಎಷ್ಟೋ ಜನ.

ಸುಮಾರು ಐದು ಸಾವಿರ ಹೆರಿಗೆಗೆ ಒಂದು ಮಗು ಗುದದ್ವಾರವೇ ಸರಿಯಾಗಿಲ್ಲದೆ ಹುಟ್ಟುತ್ತದೆ. ಅಂಥ ಮಗುವಿಗೆ ಮೊದಲ ದಿನಗಳಲ್ಲೇ ಕೊಲಾಸ್ಟಮಿ ಮಾಡಿ, ಆಮೇಲೆ ದಾರಿ ಸರಿಪಡಿಸಿ, ಕೊನೆಗೆ ಸ್ಟೋಮಾವನ್ನು ಮುಚ್ಚುವುದು ರೂಢಿ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಪಟ್ಟಣದ ಡಾಕ್ಟರ್ ಡ್ಯುರೆ ಮೂರು ದಿನದ ಕೂಸಿಗೆ ಇದನ್ನು ಮಾಡಿದ್ದರು. ಅಂಟು ಚೀಲವೂ ಆಂಟಿಬಯಾಟಿಕ್ಕೂ ಇಲ್ಲದ ಆ ಕಾಲದಲ್ಲಿ ಆ ಕೂಸು 45 ವರ್ಷ ಬದುಕಿತು. ಸೊಸೆಯ ಮಡಿಲಲ್ಲಿ ಇಂಥ ಮಗು ಕಂಡು ಶಾಪವೆಂದು ಗೊಣಗುವ ಹಿರಿಯರಿದ್ದರೆ ಈ ಸಂಗತಿ ಹೇಳಬೇಕು.

ನಮ್ಮ ಭಾಗದವರು ಆಪರೇಷನ್ನಿಗೆ ಹೋಗುವುದು ಬೆಳಗಾವಿಗೆ, ಮೀರಜಕ್ಕೆ ಅಥವಾ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ತೊಡಕು ಇರುವುದು ಮನೆಗೆ ಬಂದ ಮೇಲೆ. ಒಂದೊಂದು ಚೀಲಕ್ಕೆ ನೂರಾರು ರೂಪಾಯಿ, ಅದೂ ಜೀವಮಾನವಿಡೀ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಕೊಲಾಸ್ಟಮಿಯವರ ಹೆಸರಿಲ್ಲ. ಆದರೆ ರೈಲ್ವೆಯ ರಿಯಾಯಿತಿ ಪಟ್ಟಿಯಲ್ಲಿ ಆಸ್ಟಮಿ ರೋಗಿಗಳಿಗೆ, ಅಂದರೆ ಹೊಟ್ಟೆಯ ಮೇಲೆ ಸ್ಟೋಮಾ ಇರುವವರಿಗೆ, ಮಾಸಿಕ ಪಾಸಿನಲ್ಲಿ ಅರ್ಧ ದರ ಇದೆ. ರೈಲು ಇವರನ್ನು ಗುರುತಿಸಿದ ಮೇಲೆ ಸರ್ಕಾರ ಚೀಲವನ್ನೂ ಇನ್ಸುಲಿನ್ನಿನ ಹಾಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡುವುದು ಆಗದ ಮಾತೇನಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಇದನ್ನು ಕೇಳುವ ದನಿ ಏಳಬೇಕು.

ಖರ್ಚಿಗೂ ವಾಸನೆಗೂ ಕೂಡಿಯೇ ಉತ್ತರವಾಗುವ ಒಂದು ಪದ್ಧತಿಯಿದೆ. ಎಡಗಡೆ ಕೆಳಹೊಟ್ಟೆಯ ಶಾಶ್ವತ ಕೊಲಾಸ್ಟಮಿ ಇದ್ದವರು ದಿನಕ್ಕೆ ಅಥವಾ ಎರಡು ದಿನಕ್ಕೊಮ್ಮೆ, ಅರ್ಧದಿಂದ ಒಂದು ಲೀಟರ್ ಬೆಚ್ಚಗಿನ ನೀರನ್ನು ಕೋನ್ ಮೂಲಕ ಸ್ಟೋಮಾದೊಳಗೆ ನಿಧಾನ ಬಿಟ್ಟು ಕರುಳನ್ನು ತೊಳೆಯಬಹುದು. ಇದಕ್ಕೆ ಇರಿಗೇಷನ್ ಎನ್ನುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಕೆಲಸ. ರೂಢಿಯಾದರೆ ಮುಂದಿನ 24 ಗಂಟೆ ಏನೂ ಬರದು, ಚಿಕ್ಕ ಮುಚ್ಚಳವೊಂದೇ ಸಾಕು. ಎಲ್ಲರಿಗೂ ಇದು ಹೊಂದುವುದಿಲ್ಲ. ಇಲಿಯಾಸ್ಟಮಿಯವರು, ಸ್ಟೋಮಾದ ಬಳಿ ಹರ್ನಿಯಾ ಆದವರು ಮಾಡಬಾರದು. ಸರ್ಜನ್ ಒಪ್ಪಿ, ಕಲಿತ ನರ್ಸ್ ಎದುರಿಗೆ ಕೂತು ಕಲಿಸಿದ ಮೇಲೆಯೇ ಮಾಡಬೇಕು.

ಬಳಸಿದ ಚೀಲವನ್ನು ತೊಳೆದು, ಕಾಗದದಲ್ಲಿ ಸುತ್ತಿ, ಮುಚ್ಚಿ ಕಟ್ಟಿ ಕಸದ ಗಾಡಿಗೆ ಕೊಡಬೇಕು. ಕಾಲುವೆಗೆ, ಕಬ್ಬಿನ ಗದ್ದೆಗೆ ಎಸೆದರೆ ನಾಯಿ ಎಳೆದು ತರುತ್ತವೆ, ಒಲೆಗೆ ಹಾಕಿದರೆ ಹೊಗೆ ಮನೆ ತುಂಬುತ್ತದೆ. ಕಬ್ಬಿನ ಹೊರೆ, ಗೊಬ್ಬರದ ಚೀಲ ಎತ್ತುವ ಕೆಲಸ ಬೇಡ, ಸ್ಟೋಮಾದ ಸುತ್ತ ಹೊಟ್ಟೆಗೋಡೆ ಸಡಿಲಾಗಿ ಹರ್ನಿಯಾ ಆಗಬಹುದು. ನೀರು ಕಟ್ಟುವುದು, ಎಮ್ಮೆ ಹಿಂಡುವುದು, ಅಂಗಡಿಯಲ್ಲಿ ಕೂರುವುದು ಧಾರಾಳವಾಗಿ ಮಾಡಬಹುದು.

ಮದುವೆಗೆ ಹೊರಡುವವರಿಗೆ ನನ್ನದೊಂದು ಮಾತು. ಪ್ಲೇಟನ್ನು ಅದೇ ಮುಂಜಾನೆ ಗಡಿಬಿಡಿಯಲ್ಲಿ ಹಚ್ಚಬೇಡಿ, ಹಿಂದಿನ ದಿನವೇ ಬದಲಿಸಿ ಗಟ್ಟಿಯಾಗಿ ಕೂರಲು ಬಿಡಿ. ತಿಂದದ್ದು ಚೀಲದಲ್ಲಿ ಗಾಳಿಯಾಗಿ ಬರಲು ಆರೆಂಟು ಗಂಟೆ ಬೇಕು. ಹಾಗಾಗಿ ಮಧ್ಯಾಹ್ನದ ಅಕ್ಷತೆಗೆ ಹೋಗುವವರು ಹಿಂದಿನ ರಾತ್ರಿಯಿಂದಲೇ ಕಾಳಿನ ಪಲ್ಲೆಯನ್ನು ತುಸು ದೂರ ಇಡಿ. ಒಂದು ಬಟ್ಟೆ ಚೀಲದಲ್ಲಿ ತೂತು ಕತ್ತರಿಸಿಟ್ಟ ಎರಡು ಪ್ಲೇಟು, ಎರಡು ಚೀಲ, ಮೆತ್ತನೆ ಬಟ್ಟೆ, ಕಾಗದ, ನೀರಿನ ಬಾಟಲಿ, ಇನ್ನೊಂದು ಅಂಗಿ ಇರಲಿ. ಮಂಟಪಕ್ಕೆ ಹೋದೊಡನೆ ಸಂಡಾಸು ಎಲ್ಲಿದೆ, ನೀರಿದೆಯೇ ನೋಡಿಕೊಳ್ಳಿ. ಖಾಲಿ ಮಾಡುವ ಮೊದಲು ಸಂಡಾಸಿಗೆ ಒಂದು ತಂಬಿಗೆ ನೀರು ಹಾಕಿದರೆ ಸಿಡಿಯುವುದಿಲ್ಲ. ಗಾಳಿ ಸದ್ದು ಮಾಡಿಕೊಂಡು ಬರುವಂತಿದ್ದರೆ ಮೊಣಕೈಯನ್ನು ಸ್ಟೋಮಾದ ಮೇಲೆ ಮೆಲ್ಲಗೆ ಒತ್ತಿ, ಅಡಗುತ್ತದೆ. ವಾದ್ಯದ ಗದ್ದಲದಲ್ಲಿ ಅದೂ ಬೇಕಾಗುವುದಿಲ್ಲ. ಆಮೇಲೆ ಬೀಗರು ಕೈಹಿಡಿದು ಕರೆದರೆ ಪಂಕ್ತಿಯಲ್ಲಿ ನಡುವೆಯೇ ಕೂತುಕೊಳ್ಳಿ.